ಹೋಸ್ ಹೊರುವ ಬ್ಯಾಗ್: ಬೆಂಕಿ ಆರಿಸುವವರ ಬೆನ್ನು, ಹೆಗಲು, ಸೊಂಟದ ಲೆಕ್ಕ

ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಕಳೆದ ವರ್ಷ ಆ ವಾರದಲ್ಲಿ ಮುಂಬೈಯ ಮುಲುಂಡಿನ ನಮ್ಮ ಸೊಸೈಟಿಯವರು ಒಂದು ಖಾಸಗಿ ತರಬೇತಿ ಸಂಸ್ಥೆಯನ್ನು ಕರೆಸಿ ಮಾಕ್ ಡ್ರಿಲ್ ಮಾಡಿಸಿದರು. ನಮ್ಮದು 22 ಮಹಡಿಯ ಕಟ್ಟಡ. 14ನೇ ಮಹಡಿಯಲ್ಲಿ ಬೆಂಕಿ ಬಿದ್ದಿದೆ, ಲಿಫ್ಟ್ ನಿಂತಿದೆ ಎಂದು ಲೆಕ್ಕ. ತರಬೇತಿ ಕೊಡಲು ಬಂದಿದ್ದ ಹುಡುಗ ಬೆನ್ನಿಗೆ ಗಾಳಿಯ ಸಿಲಿಂಡರ್ ಹಾಕಿಕೊಂಡು, ಬಲಗಂಕುಳಲ್ಲಿ ಹೋಸಿನ, ಅಂದರೆ ನೀರು ಹಾಯಿಸುವ ಮಡಚುವ ಕೊಳವೆಯ, ಸುರುಳಿ ಅವುಚಿಕೊಂಡು, ಎಡಗೈಯಲ್ಲಿ ಬ್ರಾಂಚ್ ಹಿಡಿದು ಮೆಟ್ಟಿಲು ಹತ್ತಲು ಶುರು ಮಾಡಿದ. ಹೋಸಿನ ಬಾಯಿಗೆ ಹಾಕುವ ನಾಝಲ್‌ಗೆ ಅವರು ಬ್ರಾಂಚ್ ಅನ್ನುತ್ತಾರೆ. ನಾನೂ ಹಿಂದೆಯೇ ಹತ್ತಿದೆ.

11ನೇ ಮಹಡಿಯ ತಿರುವಿನಲ್ಲಿ ಸುರುಳಿ ಕಂಕುಳಿಂದ ಜಾರಿತು. ಹೋಸಿನ ತುದಿಯ ಲೋಹದ ಜೋಡಣೆ, ಅಂದರೆ ಕಪ್ಲಿಂಗ್, ಮೆಟ್ಟಿಲಿಗೆ ಠಣ್ಣನೆ ಬಡಿಯಿತು. ಸುರುಳಿ ಬಿಚ್ಚಿಕೊಳ್ಳುತ್ತಾ ಒಂದೂವರೆ ಮಹಡಿ ಕೆಳಗೆ ಉರುಳಿತು. ಆ ಹುಡುಗ ಇಳಿದು, ಮತ್ತೆ ಸುತ್ತಿ, ಮತ್ತೆ ಹತ್ತಿದ. ಜನ ಚಪ್ಪಾಳೆ ತಟ್ಟಿದರು. ನನಗೆ ತಟ್ಟಲಾಗಲಿಲ್ಲ. ನಿಜವಾದ ಬೆಂಕಿಯಾಗಿದ್ದರೆ ಆ ಐದಾರು ನಿಮಿಷದಲ್ಲಿ ಮೇಲೆ ಏನಾಗಿರುತ್ತಿತ್ತು ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ನನ್ನ ಕೆಲಸ ಬ್ಯಾಗ್ ಹೊಲಿಸುವುದು. ಧಾರಾವಿಯಲ್ಲಿ ಆರು ಮೆಷಿನ್‌ಗಳ ಸಣ್ಣ ಕಾರ್ಖಾನೆ ಇದೆ. ಶಾಲೆಯ ಬ್ಯಾಗ್, ಲ್ಯಾಪ್‌ಟಾಪ್ ಬ್ಯಾಗ್, ಔಷಧ ಕಂಪನಿಯವರ ಸ್ಯಾಂಪಲ್ ಬ್ಯಾಗ್ ಎಲ್ಲ ಮಾಡಿದ್ದೇನೆ. ಇದೊಂದು ಪಟ್ಟಿ ಹಾಕಿದರೆ ಮುಗಿಯುವ ಕೆಲಸ ಎಂದು ಅವತ್ತು ಅನಿಸಿತು. ನಮ್ಮದೇ ಕಟ್ಟಡದಲ್ಲಿ ವಿಜಯಪುರದ ಕಡೆಯ ಒಬ್ಬ ನಿವೃತ್ತ ಫೈರ್‌ಮನ್ ಇದ್ದಾರೆ. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಅವರ ಹತ್ತಿರ ಹೋಗಿ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ತಮ್ಮಾ, ಹೊರೂದು ಹೆಂಗ ಅಂತ ಆಮ್ಯಾಲ ನೋಡು. ಮೊದಲ ಇಳಸೂದು ಹೆಂಗ ಅಂತ ಹೇಳು." ಆ ಮಾತು ಪೂರ್ತಿ ಅರ್ಥವಾಗಲು ನನಗೆ ತಿಂಗಳುಗಳೇ ಬೇಕಾದವು. ಅಲ್ಲಿಯವರೆಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಸ್ ಹೊರುವುದೇ ಯಾಕೆ?

ಎತ್ತರದ ಕಟ್ಟಡಗಳಲ್ಲಿ ನೀರಿನ ಕೊಳವೆ ಮೊದಲೇ ಇರುತ್ತದೆ. ಕೆಳಗಿನಿಂದ ಮೇಲಿನವರೆಗೆ ಒಂದು ದಪ್ಪ ಪೈಪು, ಅದಕ್ಕೆ ರೈಸರ್ ಎನ್ನುತ್ತಾರೆ. ಪ್ರತಿ ಮಹಡಿಯಲ್ಲೂ ಅದಕ್ಕೆ 63 ಮಿಲಿಮೀಟರ್ ಬಾಯಿಯ ವಾಲ್ವ್ ಇರುತ್ತದೆ. ಪಕ್ಕದ ಕೆಂಪು ಡಬ್ಬಿಯಲ್ಲಿ ಹೋಸೂ ಇರಬೇಕು. ಹಾಗಿದ್ದ ಮೇಲೆ ಬೆಂಕಿ ಆರಿಸುವವರು ಬರಿಗೈಯಲ್ಲಿ ಹತ್ತಿದರೆ ಸಾಲದೇ?

ಸಾಲದು. ಡಬ್ಬಿಯೊಳಗೆ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಮಹಾರಾಷ್ಟ್ರದಲ್ಲಿ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಎಲ್ಲ ಸರಿಯಿದೆ ಎಂದು ಪರವಾನಗಿ ಇರುವ ಸಂಸ್ಥೆಯಿಂದ ಫಾರ್ಮ್ ಬಿ ಪತ್ರ ಪಡೆದು ಸಲ್ಲಿಸಬೇಕು. ನಮ್ಮ ಸೊಸೈಟಿಯ ಹತ್ತಿರ ಆ ಪತ್ರ ಇತ್ತು. ಡ್ರಿಲ್ ಆದ ಮೇಲೆ ನಾನೇ ನಮ್ಮ ಮಹಡಿಯ ಡಬ್ಬಿ ತೆರೆದು ಹೋಸ್ ಹೊರಗೆ ತೆಗೆದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತು, ಆ ಮಡಿಕೆಯಲ್ಲೇ ಒಳಗಿನ ರಬ್ಬರ್ ಬಿರುಕು ಬಿಟ್ಟಿತ್ತು. ನೀರು ಬಿಟ್ಟಿದ್ದರೆ ಅಲ್ಲೇ ಸೀಳುತ್ತಿತ್ತು. ಆದ್ದರಿಂದ ತಿಳಿದವರು ತಮ್ಮ ಹೋಸನ್ನು ತಾವೇ ಒಯ್ಯುತ್ತಾರೆ. ಕಟ್ಟಡದಿಂದ ತೆಗೆದುಕೊಳ್ಳುವುದು ನೀರು ಮಾತ್ರ.

ಏಣಿ ಬಳಸಬಹುದಲ್ಲ ಎಂದು ಕೇಳುವವರಿದ್ದಾರೆ. ಮುಂಬೈಯಲ್ಲಿ 90 ಮೀಟರ್ ಮೇಲೇರುವ ಹೈಡ್ರಾಲಿಕ್ ಏಣಿಯೂ ಇದೆ. ಆದರೆ ಅಂಥ ಗಾಡಿ ನಿಲ್ಲಲು ಗಟ್ಟಿ ನೆಲ ಬೇಕು, ಅಗಲ ಜಾಗ ಬೇಕು. ಎರಡೂ ಕಡೆ ಸ್ಕೂಟರ್ ನಿಂತ ಗಲ್ಲಿಗೆ ಅದು ನುಗ್ಗುವುದೇ ಇಲ್ಲ. ಲಿಫ್ಟಿನ ಕಥೆಯೂ ಅಷ್ಟೇ. ಫೈರ್ ಲಿಫ್ಟ್ ಇದ್ದರೆ ಒಳ್ಳೆಯದು, ಆದರೆ ಅದನ್ನೇ ನಂಬಿ ಲೆಕ್ಕ ಹಾಕುವಂತಿಲ್ಲ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನ್ ಮೆರಿಡಿಯನ್ ಪ್ಲಾಝಾ ಎಂಬ 38 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿತ್ತು. ವಿದ್ಯುತ್ ಹೋಯಿತು, ಲಿಫ್ಟ್‌ಗಳು ನಿಂತವು. ಇಪ್ಪತ್ತು ಮಹಡಿಗೂ ಮೇಲಕ್ಕೆ ಎಲ್ಲವನ್ನೂ ಕತ್ತಲ ಮೆಟ್ಟಿಲಲ್ಲಿ ಹೊತ್ತೊಯ್ಯಬೇಕಾಯಿತು. ಮೂವರು ಅಗ್ನಿಶಾಮಕರು ಅಲ್ಲಿ ಸತ್ತರು.

ಕೊನೆಗೆ ಉಳಿಯುವುದು ಮೆಟ್ಟಿಲು ಮತ್ತು ಮನುಷ್ಯನ ಕಾಲು.

ಭಾರದ ಲೆಕ್ಕ

ಕೋಟು, ಪ್ಯಾಂಟು, ಬೂಟು, ಹೆಲ್ಮೆಟ್ ಸೇರಿ 8ರಿಂದ 10 ಕೆಜಿ. ಉಸಿರಾಟದ ಗಾಳಿಯ ಬಿಎ ಸೆಟ್ಟು ಹಗುರ ಸಿಲಿಂಡರ್ ಇದ್ದರೂ 10 ಕೆಜಿಯ ಆಸುಪಾಸು, ಉಕ್ಕಿನದಾದರೆ ಇನ್ನೂ ಜಾಸ್ತಿ. 63 ಮಿಮೀ ಅಗಲದ 15 ಮೀಟರ್ ಹೋಸು, ಎರಡೂ ತುದಿಯ ಕಪ್ಲಿಂಗ್ ಸೇರಿ ಸುಮಾರು 10 ಕೆಜಿ. ಬ್ರಾಂಚ್ ಎರಡು ಮೂರು ಕೆಜಿ. ಬಾಗಿಲು ಒಡೆಯುವ ಹಾರೆ ನಾಲ್ಕೂವರೆ, ಕೊಡಲಿ ಮೂರು. ಒಟ್ಟು 40 ಕೆಜಿ ಹತ್ತಿರ ಬಂತು. 25 ಕೆಜಿ ಅಕ್ಕಿ ಮೂಟೆಯ ಮೇಲೆ ಇನ್ನೊಂದು 15 ಕೆಜಿ ಇಟ್ಟುಕೊಂಡು 14 ಮಹಡಿ ಹತ್ತಿದ ಹಾಗೆ. ಅದೂ ಬೆವರು ಆರಲು ಬಿಡದ ದಪ್ಪ ಕೋಟು ಹಾಕಿಕೊಂಡು, ಮುಂಬೈಯ ಮೇ ತಿಂಗಳಲ್ಲಿ.

ಹೋಸನ್ನು ಖಾಲಿ ಒಯ್ಯುವುದು ಯಾಕೆ ಎಂಬುದಕ್ಕೂ ಲೆಕ್ಕವಿದೆ. 63 ಮಿಮೀ ಹೋಸಿನ ಒಂದು ಮೀಟರ್ ಉದ್ದದಲ್ಲಿ ಸುಮಾರು 3.1 ಲೀಟರ್ ನೀರು ಹಿಡಿಸುತ್ತದೆ. 15 ಮೀಟರ್‌ಗೆ 47 ಲೀಟರ್, ಅಂದರೆ 47 ಕೆಜಿ. 10 ಕೆಜಿಯ ವಸ್ತು ನೀರು ತುಂಬಿದ ಕ್ಷಣದಲ್ಲಿ 57 ಕೆಜಿ ಆಗುತ್ತದೆ, ಗಟ್ಟಿಯಾಗಿ ಸೆಟೆದುಕೊಳ್ಳುತ್ತದೆ. ಆದ್ದರಿಂದ ಹೋಸ್ ಎಲ್ಲಿ, ಯಾವ ಆಕಾರದಲ್ಲಿ ಬಿದ್ದಿರಬೇಕು ಎಂಬುದು ನೀರು ಬಿಡುವ ಮೊದಲೇ ತೀರ್ಮಾನವಾಗಬೇಕು. ಆಮೇಲೆ ಸರಿಪಡಿಸಲು ಇಬ್ಬರ ಶಕ್ತಿಯೂ ಸಾಲದು. ಕಾಕಾ ಹೇಳಿದ "ಇಳಸೂದು" ಎಂಬ ಮಾತಿನ ಅರ್ಧ ಇಲ್ಲಿದೆ.

ಮೇಲೆ ತಲುಪಿದ ಮೇಲೂ ಶಕ್ತಿ ಉಳಿದಿರಬೇಕು. 20 ಮಿಮೀ ಬಾಯಿಯ ಬ್ರಾಂಚಿನಿಂದ 5 ಬಾರ್ ಒತ್ತಡದಲ್ಲಿ ನೀರು ಚಿಮ್ಮುವಾಗ ಅದು ಹಿಡಿದವರನ್ನು ಸುಮಾರು 32 ಕೆಜಿ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ನಡುಗುವ ಕಾಲಿನಲ್ಲಿ ಅದನ್ನು ತಡೆಯಲಾಗದು. ಗಾಳಿಯ ವಿಷಯವೂ ಇದೆ. 6.8 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ಒತ್ತಡದಲ್ಲಿ ಸುಮಾರು 2,000 ಲೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 40 ಲೀಟರ್ ಉಸಿರಾಡಿದರೆ 50 ನಿಮಿಷ ಬರುತ್ತದೆ. ಏದುಸಿರು ಬಿಡುವವರು 80 ಲೀಟರ್ ಎಳೆಯುತ್ತಾರೆ, ಆಗ 25 ನಿಮಿಷ. ಅದರಲ್ಲೂ ವಾಪಸ್ ಬರಲು ಗಾಳಿ ಉಳಿಸಿಕೊಳ್ಳಬೇಕು. ಮಾಸ್ಕ್ ಹಾಕಿಕೊಂಡ ಮೇಲೆ ಒಂದು ಬಕಲ್ ಬಿಚ್ಚಲು ಎರಡು ನಿಮಿಷ ಒದ್ದಾಡಿದರೆ 160 ಲೀಟರ್ ಗಾಳಿ ಹೋಯಿತು.

ಇನ್ನೊಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಅಮೆರಿಕದಲ್ಲಿ ಕೆಲಸದ ಮೇಲಿರುವಾಗ ಸಾಯುವ ಅಗ್ನಿಶಾಮಕರಲ್ಲಿ ಅತಿ ಹೆಚ್ಚು ಜನರ ಸಾವಿಗೆ ಕಾರಣ ಹೃದಯಾಘಾತದಂಥ ಹಠಾತ್ ಹೃದಯದ ತೊಂದರೆ. ಸುಟ್ಟಗಾಯಕ್ಕಿಂತ ಅದೇ ಹೆಚ್ಚು. ಭಾರ, ಶಾಖ, ಬೆವರು, ಗಾಬರಿ ಎಲ್ಲ ಸೇರಿ ಎದೆಯ ಮೇಲೆ ಬೀಳುತ್ತವೆ. ಬ್ಯಾಗ್ ಹೊಲಿಯುವವನು ಇಳಿಸಬಹುದಾದ್ದು ಇದರಲ್ಲಿ ಒಂದು ಪಾಲು ಮಾತ್ರ. ಆದರೂ ಇಳಿಸಬೇಕು ಅಲ್ವಾ?

ಮೈಯಲ್ಲಿ ಜಾಗ ಎಲ್ಲಿದೆ?

ನಮ್ಮೂರ ಕಡೆ ಭಾರ ಎಂದರೆ ತಲೆ. ಸಿಂಬಿ ಇಟ್ಟು ಕೊಡ ಹೊರುತ್ತಾರೆ. ಕರಾವಳಿಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿಕೊಂಡು ಗೊಬ್ಬರದ ಬುಟ್ಟಿ ಹೊರುತ್ತಾರೆ. ಮುಂಬೈಯ ಡಬ್ಬಾವಾಲಾಗಳು ಉದ್ದನೆಯ ಮರದ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡು ಸ್ಟೇಷನ್ನಿನ ಜನಸಂದಣಿಯಲ್ಲಿ ಓಡುತ್ತಾರೆ. ಇದೆಲ್ಲ ಸುಮ್ನೆ ಬಂದ ರೂಢಿಯಲ್ಲ. 1969ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನು ಅಳೆದು ನೋಡಿತು. ಒಂದು ಕೆಜಿ ಮೈತೂಕವನ್ನು ಹೊತ್ತು ನಡೆಯಲು ಬೇಕಾದ ಶಕ್ತಿಗೆ ಹೋಲಿಸಿದರೆ, ತಲೆಯ ಮೇಲಿನ ಒಂದು ಕೆಜಿಗೆ 1.2 ಪಟ್ಟು ಶಕ್ತಿ ಬೇಕು. ಎರಡೂ ಕೈಯಲ್ಲಿ ಭಾರ ಹಿಡಿದರೆ ಅದು 1.9 ಪಟ್ಟಿನವರೆಗೆ ಹೋಗುತ್ತದೆ. ಪಾದಕ್ಕೆ ಕಟ್ಟಿದ ಭಾರಕ್ಕೆ 4ರಿಂದ 6 ಪಟ್ಟು. ಅಂದರೆ ಬೂಟು ಒಂದು ಕೆಜಿ ಹಗುರವಾದರೆ ಬ್ಯಾಗು ನಾಲ್ಕೈದು ಕೆಜಿ ಹಗುರವಾದಷ್ಟೇ ಲಾಭ. ಇದನ್ನು ಓದಿದ ದಿನ ಬ್ಯಾಗಿನ ಕೆಲಸ ಬಿಟ್ಟು ಬೂಟಿನ ಕೆಲಸ ಹಿಡಿಯಬೇಕು ಅನಿಸಿತ್ತು.

ಆದರೆ ಬೆಂಕಿಯ ಮನೆಯಲ್ಲಿ ತಲೆ ಸಲ್ಲದು. ಬಿಸಿ ಹೊಗೆ ಮೇಲೆ ಸೇರುತ್ತದೆ. ಕೋಣೆಯೆಲ್ಲ ಒಮ್ಮೆಲೇ ಹೊತ್ತಿಕೊಳ್ಳುವ ಹೊತ್ತಿಗೆ ಚಾವಣಿಯ ಹತ್ತಿರ 600 ಡಿಗ್ರಿ ಆಸುಪಾಸು ಇರುತ್ತದೆ. ಒಳಗೆ ಹೋಗುವವರು ಬಗ್ಗಿ, ಅಂಬೆಗಾಲಿಟ್ಟು ಹೋಗುತ್ತಾರೆ.

ಬೆನ್ನು? ಅಲ್ಲಿ ಸಿಲಿಂಡರ್ ಕೂತಿದೆ. ಇದೇ ಈ ವಿನ್ಯಾಸದ ದೊಡ್ಡ ತೊಡಕು. ಬೆಟ್ಟ ಹತ್ತುವವರ ಬ್ಯಾಗಿನಲ್ಲಿ ಸೊಂಟದ ಪಟ್ಟಿ ಭಾರವನ್ನು ಹೆಗಲಿನಿಂದ ಇಳಿಸಿ ಸೊಂಟದ ಎಲುಬಿಗೆ ಕೊಡುತ್ತದೆ. ಆ ಜಾಗವನ್ನೂ ಬಿಎ ಸೆಟ್ಟಿನ ಪಟ್ಟಿ ಆಗಲೇ ತೆಗೆದುಕೊಂಡಿದೆ. ಸಿಲಿಂಡರಿನ ಮೇಲೆಯೇ ಹೋಸ್ ಹೇರಿದರೆ ಭಾರ ಹಿಂದಕ್ಕೂ ಮೇಲಕ್ಕೂ ಹೋಗುತ್ತದೆ. ಮೆಟ್ಟಿಲಲ್ಲಿ ಅದು ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ, ಅದಕ್ಕೆ ಅವನು ಮುಂದಕ್ಕೆ ಬಾಗುತ್ತಾನೆ, ಬಾಗಿದರೆ ಉಸಿರು ಕಟ್ಟುತ್ತದೆ. ಎದೆಯ ಮೇಲೆ ಹಾಕಿದರೆ ತನ್ನ ಪಾದ ತನಗೇ ಕಾಣುವುದಿಲ್ಲ, ಗಾಳಿಯ ಮೀಟರೂ ಕಾಣುವುದಿಲ್ಲ.

ಉಳಿಯುವುದು ಹೆಗಲು. ಒಂದೇ ಹೆಗಲಿಗೆ ಹತ್ತು ಕೆಜಿ ಹಾಕಿದರೆ ಬೆನ್ನೆಲುಬು ಆ ಕಡೆಗೆ ವಾಲುತ್ತದೆ. ಆದ್ದರಿಂದ ಹೋಸಿನ ಕಟ್ಟನ್ನು ಉದ್ದ ಮಾಡಿ, ಅರ್ಧ ಎದೆಯ ಕಡೆ, ಅರ್ಧ ಬೆನ್ನಿನ ಕಡೆ ಇಳಿಬಿಡಬೇಕು. ಸಂತೆಯಿಂದ ಬರುವವರು ಟವೆಲಿನ ಎರಡು ತುದಿಗೆ ಗಂಟು ಕಟ್ಟಿ ಹೆಗಲಿಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ. ಮುಂದೆ ಹಿಂದೆ ಸಮ ಆದಾಗ ಅದೇ ಹತ್ತು ಕೆಜಿ ಎಷ್ಟೋ ಹಗುರ ಅನಿಸುತ್ತದೆ. ಕಟ್ಟು ಮೈಗೆ ಒತ್ತಿಕೊಂಡೇ ಇರಬೇಕು. ಓಲಾಡಿದರೆ ಪ್ರತಿ ಹೆಜ್ಜೆಗೂ ಅದನ್ನು ತಡೆಹಿಡಿಯುವ ಕೆಲಸ ಬೇರೆ.

ಅಗಲದ ಬಗ್ಗೆಯೂ ಎಚ್ಚರ ಬೇಕು. ಹೊಸ ಟವರ್‌ಗಳ ಮೆಟ್ಟಿಲು ಅಗಲವಾಗಿರುತ್ತದೆ. ಗಿರ್‌ಗಾಂವ್, ಕಾಲ್ಬಾದೇವಿ ಕಡೆಯ ಹಳೆಯ ಕಟ್ಟಡಗಳ ಮರದ ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. 2015ರ ಮೇ 9ರಂದು ಕಾಲ್ಬಾದೇವಿಯ ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡದ ಬೆಂಕಿಯಲ್ಲಿ ಮುಂಬೈ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳು ಜೀವ ಕಳೆದುಕೊಂಡರು. ಆ ಕಡೆ ಹೋದಾಗಲೆಲ್ಲ ನಾನು ಮೆಟ್ಟಿಲಿನ ಅಗಲ ನೋಡುತ್ತೇನೆ. ಕೆಳಗಿಳಿದು ಓಡಿ ಬರುವ ಜನರೂ ಅದೇ ಮೆಟ್ಟಿಲಲ್ಲಿ ಇರುತ್ತಾರೆ. ಬ್ಯಾಗು ಮನುಷ್ಯನ ಭುಜದ ಅಗಲ ಮೀರಿ ಹೊರಚಾಚಲೇಬಾರದು ಎಂಬ ನಿಯಮವನ್ನು ಅಲ್ಲಿಂದ ಕಲಿತೆ.

ಮಡಿಕೆಯೇ ವಿನ್ಯಾಸ

ನನ್ನ ಮೊದಲ ಸ್ಯಾಂಪಲ್ ಒಂದು ಸುಂದರವಾದ ದುಂಡು ಚೀಲವಾಗಿತ್ತು. ಚಕ್ಕುಲಿಯ ಹಾಗೆ ಸುತ್ತಿದ ಹೋಸ್ ಅದರೊಳಗೆ ಸರಿಯಾಗಿ ಕೂರುತ್ತಿತ್ತು. ಕಾಕಾ ಅದನ್ನು ನಮ್ಮ ಲಿಫ್ಟ್ ಮುಂದಿನ ಜಾಗದಲ್ಲಿ ಇಟ್ಟು, "ಈಗ ಬಿಚ್ಚು" ಅಂದರು. ಬಿಚ್ಚಲು ಹೋದಾಗ ಗೊತ್ತಾಯಿತು. ಸುರುಳಿಯನ್ನು ಉರುಳಿಸಿ ಬಿಡಬೇಕಾದರೆ ಮುಂದೆ 15 ಮೀಟರ್ ನೇರ ಜಾಗ ಬೇಕು. ರಸ್ತೆಯಲ್ಲಿ ಸರಿ. ಮೆಟ್ಟಿಲ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಹೋಸ್ ಗೋಡೆಗೆ ಬಡಿದು ಸಿಕ್ಕು ಸಿಕ್ಕಾಗಿ ಬಿತ್ತು. ಆ ಸಿಕ್ಕಿನಲ್ಲಿ ನೀರು ಬಿಟ್ಟರೆ ಪ್ರತಿ ಮುರುಕಿನಲ್ಲೂ ಹೋಸ್ ಮಡಚಿಕೊಂಡು ನೀರು ತಡೆಯುತ್ತದೆ.

ಆಗ ಅರ್ಥವಾಯಿತು, ಚೀಲ ಎರಡನೆಯದು. ಹೋಸನ್ನು ಹೇಗೆ ಮಡಚಿದ್ದೇವೆ ಎಂಬುದು ಮೊದಲನೆಯದು. ಚೀಲದ ಕೆಲಸ ಆ ಮಡಿಕೆಯನ್ನು ಹಾಳಾಗದಂತೆ ಮೇಲೆ ತಲುಪಿಸುವುದು.

ಮಡಿಕೆಗಳಲ್ಲಿ ಎರಡು ಮುಖ್ಯ ಬಗೆ. ಒಂದು ಸೀರೆಯ ನೆರಿಗೆ ಹಿಡಿದ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಚುವುದು. ಇದು ತೆಳ್ಳಗೆ, ಉದ್ದಕ್ಕೆ ಬರುತ್ತದೆ, ಹೆಗಲಿಗೆ ಚೆನ್ನಾಗಿ ಕೂರುತ್ತದೆ. ಒಂದು ತುದಿ ಹಿಡಿದು ನಡೆದರೆ ನೆರಿಗೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಆದರೆ ಬಿಚ್ಚುವ ಮೊದಲೇ ಯಾರಾದರೂ ಅವಸರದಲ್ಲಿ ನೀರು ಬಿಟ್ಟರೆ ಪ್ರತಿ ನೆರಿಗೆಯ ತುದಿಯೂ ಮುರುಟಿಕೊಳ್ಳುತ್ತದೆ. ಇನ್ನೊಂದು ದೊಡ್ಡ ಬಳೆಗಳ ಹಾಗೆ ಸುತ್ತುವುದು. ಸುಮಾರು ಒಂದು ಮೀಟರ್ ಅಡ್ಡಗಲದ ಬಳೆ, 15 ಮೀಟರ್‌ಗೆ ಹೆಚ್ಚುಕಡಿಮೆ ಐದು ಸುತ್ತು. ಇದರಲ್ಲಿ ಎಲ್ಲೂ ಚೂಪಾದ ತಿರುವಿಲ್ಲ. ಬಳೆಯ ಆಕಾರದಲ್ಲೇ ನೀರು ತುಂಬಬಹುದು. ಪುಟ್ಟ ಜಾಗದಲ್ಲಿ ಇಟ್ಟು ವಾಲ್ವ್ ತಿರುಗಿಸಿದರೆ ದುಂಡಗೇ ಗಟ್ಟಿಯಾಗುತ್ತದೆ, ಆಮೇಲೆ ಎಳೆದುಕೊಂಡು ಒಳಗೆ ಹೋದ ಹಾಗೆ ಸುತ್ತು ಒಂದೊಂದಾಗಿ ಕಳಚುತ್ತದೆ. ಹೊರುವಾಗ ಆ ಬಳೆಯನ್ನು ಎರಡು ಕಡೆಯಿಂದ ಅಮುಕಿ ಉದ್ದ ಮಾಡಿ, ಮೂರು ಕಡೆ ಪಟ್ಟಿ ಕಟ್ಟಿ, ಹೆಗಲಿಗೆ ಹಾಕುತ್ತಾರೆ. ಪಟ್ಟಿ ಬಿಚ್ಚಿದರೆ ಮತ್ತೆ ಬಳೆ. ಅಮೆರಿಕದಲ್ಲಿ ಇದಕ್ಕೆ ಕ್ಲೀವ್‌ಲ್ಯಾಂಡ್ ನಗರದ ಹೆಸರೇ ಇದೆ. ಡೆನ್ವರ್ ನಗರದ ಹೆಸರಿನ ಇನ್ನೊಂದು ಪದ್ಧತಿಯಲ್ಲಿ ಹೋಸುಗಳನ್ನು ಬೇರೆ ಬೇರೆ ಕಟ್ಟುಗಳಾಗಿ ಮಡಚಿ ಬೇರೆ ಬೇರೆ ಜನ ಹೊರುತ್ತಾರೆ.

ನಮ್ಮ ಇಕ್ಕಟ್ಟಿನ ಮೆಟ್ಟಿಲಿಗೆ ಬಳೆಯೇ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಅದನ್ನು ಸುತ್ತಲು ಅಭ್ಯಾಸ ಬೇಕು, ಅವಸರದಲ್ಲಿ ಸುತ್ತಿದರೆ ತಿರುಚಿಕೊಳ್ಳುತ್ತದೆ.

ತುದಿಗಳ ವಿಷಯ ಸಣ್ಣದಾಗಿ ಕಂಡರೂ ಬಹಳ ಮುಖ್ಯ. ನಮ್ಮ ದೇಶದ ಹೋಸಿನ ಒಂದು ತುದಿ ಗಂಡು, ಇನ್ನೊಂದು ಹೆಣ್ಣು. ಗಂಡು ತುದಿಯನ್ನು ವಾಲ್ವಿನ ಬಾಯಿಗೆ ಒತ್ತಿದರೆ ಟಕ್ ಎಂದು ಕೂರುತ್ತದೆ. ಹೆಣ್ಣು ತುದಿಗೆ ಬ್ರಾಂಚ್ ಕೂರುತ್ತದೆ. ಕತ್ತಲಲ್ಲಿ ತಪ್ಪು ತುದಿ ಹಿಡಿದುಕೊಂಡು ವಾಲ್ವಿನವರೆಗೆ ಹೋದರೆ ಇಡೀ ಹೋಸನ್ನು ತಿರುಗಿಸಬೇಕು. ಆದ್ದರಿಂದ ಬ್ಯಾಗಿನಿಂದ ಎರಡು ತುದಿಯೂ ಹೊರಗೆ, ಒಂದು ಮೇಲೆ, ಒಂದು ಕೆಳಗೆ ಬರುವ ಹಾಗೆ ಮಾಡಿದೆ. ಗಂಡು ತುದಿಯ ಹಿಡಿಕೆಗೆ ಉಬ್ಬು ಗೆರೆಯ ಪಟ್ಟಿ, ಇನ್ನೊಂದಕ್ಕೆ ನುಣುಪು ಪಟ್ಟಿ. ಗ್ಲೌಸ್ ಹಾಕಿದ ಕೈಗೂ ವ್ಯತ್ಯಾಸ ತಿಳಿಯುತ್ತದೆ.

ಬೆಂಕಿ ಆರಿಸುವವರು ಸಾಮಾನ್ಯವಾಗಿ ಬೆಂಕಿ ಇರುವ ಮಹಡಿಗಿಂತ ಒಂದೆರಡು ಮಹಡಿ ಕೆಳಗೆ ಸಾಮಾನು ಇಳಿಸಿ, ಅಲ್ಲಿನ ವಾಲ್ವಿಗೆ ಹೋಸ್ ಜೋಡಿಸಿ ಮೇಲೆ ಹೋಗುತ್ತಾರೆ. ಉಳಿದ ಹೋಸನ್ನು ಬೆಂಕಿಯ ಮಹಡಿಯ ಬಾಗಿಲು ದಾಟಿ ಇನ್ನೂ ಮೇಲಿನ ಮೆಟ್ಟಿಲವರೆಗೆ ಹಾಸಿ ವಾಪಸ್ ತರುತ್ತಾರೆ. ನೀರು ತುಂಬಿದ ಹೋಸನ್ನು ಕೆಳಗಿನಿಂದ ಎಳೆಯುವುದಕ್ಕಿಂತ ಮೇಲಿನಿಂದ ಜಾರಿಸಿಕೊಳ್ಳುವುದು ಸುಲಭ, ಭಾರವೇ ಸಹಾಯ ಮಾಡುತ್ತದೆ. ಇದನ್ನು ತಿಳಿದಾಗ ನನಗೆ ಬಹಳ ಖುಷಿಯಾಯಿತು.

ಕಾಡಿನ ಬೆಂಕಿಗೆ ಇದೆಲ್ಲ ಬೇರೆ. 2023ರ ಮಾರ್ಚಿನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದ ಕಡೆ ಕಾಡು ಹೊತ್ತಿ ಉರಿದಾಗ ಹೆಲಿಕಾಪ್ಟರ್‌ನಲ್ಲಿ ನೀರು ಸುರಿಯಬೇಕಾಯಿತು. ನೆಲದ ಮೇಲೆ ಹೋದವರು ಗುಡ್ಡದ ಕಾಲುದಾರಿಯಲ್ಲಿ ಎಲ್ಲ ಹೊತ್ತೇ ಹೋಗಬೇಕು. ಅಂಥಲ್ಲಿ ತೆಳ್ಳನೆಯ ಹೋಸನ್ನು ಬೆನ್ನಿನ ಚೀಲದಲ್ಲಿ ನೆರಿಗೆಯಾಗಿ ತುಂಬಿ, ಒಂದು ತುದಿ ಹಿಂದೆ ಕಟ್ಟಿ ನಡೆದರೆ ಸಾಕು, ನಡೆದ ಹಾಗೆ ಹೋಸ್ ತಾನೇ ಹಾಸಿಕೊಳ್ಳುತ್ತದೆ. ಅಲ್ಲಿ ನೆರಿಗೆ ಗೆಲ್ಲುತ್ತದೆ, ಬಳೆ ಸೋಲುತ್ತದೆ.

ಬಟ್ಟೆ ಉಳಿಯಿತು, ಹೊಲಿಗೆ ಬಿಟ್ಟಿತು

ನಮ್ಮ ಧಂಧೆಯಲ್ಲಿ ದಿನಾ ಬಳಸುವ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಗೆ ನಡೆಯುವುದಿಲ್ಲ. ಅಗ್ಗದ ಬ್ಯಾಗುಗಳ ಪಟ್ಟಿ ಪಾಲಿಪ್ರೊಪಿಲೀನ್‌ನದು. ಅದು 165 ಡಿಗ್ರಿ ಹತ್ತಿರ ಕರಗುತ್ತದೆ. ಪ್ಲಾಸ್ಟಿಕ್ ಬಕಲುಗಳಲ್ಲಿ ಹೆಚ್ಚಿನವು 175 ಡಿಗ್ರಿಯೊಳಗೆ ಮೆತ್ತಗಾಗುತ್ತವೆ. ಪಾಲಿಯೆಸ್ಟರ್ ಮತ್ತು ಒಳ್ಳೆಯ ನೈಲಾನ್ 250-260 ಡಿಗ್ರಿ ಹತ್ತಿರ ಕರಗುತ್ತವೆ. ಕರಗುವುದಷ್ಟೇ ಅಲ್ಲ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ, ಅದು ಇನ್ನೂ ಕೆಟ್ಟದ್ದು. ನೋಮೆಕ್ಸ್, ಕೆವ್ಲಾರ್ ಥರದ ಅರಾಮಿಡ್ ನೂಲು ಕರಗುವುದೇ ಇಲ್ಲ. ತೀರಾ ಬಿಸಿಯಾದರೆ ಕರಕಲಾಗುತ್ತದೆ. ಅಗ್ನಿಶಾಮಕರ ಕೋಟು ಹೆಚ್ಚಾಗಿ ಅದೇ.

ಎರಡನೇ ಸ್ಯಾಂಪಲ್‌ಗೆ ದುಡ್ಡು ಹಾಕಿ ಅರಾಮಿಡ್ ಬಟ್ಟೆ ತರಿಸಿದೆ. ಹೊಲಿದ ಮೇಲೆ ಕಾರ್ಖಾನೆಯ ಹಾಟ್ ಏರ್ ಗನ್ ಹಿಡಿದು ನೋಡಿದೆವು. ಬಟ್ಟೆಗೆ ಏನೂ ಆಗಲಿಲ್ಲ. ಆದರೆ ಹೊಲಿಗೆ ಬಾಯಿಬಿಟ್ಟು ಪಟ್ಟಿ ಕೈಗೆ ಬಂತು. ನಮ್ಮ ಕಾರೀಗರ ರೂಢಿಯಂತೆ ಪಾಲಿಯೆಸ್ಟರ್ ದಾರದಲ್ಲೇ ಹೊಲಿದಿದ್ದ. ಅದನ್ನು ಹೇಳದೇ ಬಿಟ್ಟದ್ದು ನಾನೇ. ಆವತ್ತಿನಿಂದ ದಾರದ ರೀಲನ್ನು ಮೊದಲು ನೋಡುತ್ತೇನೆ. ಹತ್ತು ಕೆಜಿ ಹೊರುವ ಬಟ್ಟೆಯಲ್ಲಿ ನಿಜವಾಗಿ ಭಾರ ಹೊರುವುದು ಪಟ್ಟಿ ಕೂಡುವ ಜಾಗದ ಆ ಎರಡು ಇಂಚು ಹೊಲಿಗೆ.

ಎಲ್ಲವೂ ಅರಾಮಿಡ್ ಆಗಬೇಕೇ? ನನಗೆ ಹಾಗೆ ಅನಿಸುವುದಿಲ್ಲ. ಬೆಲೆ ಹಲವು ಪಟ್ಟು ಜಾಸ್ತಿ, ದುಬಾರಿಯಾದರೆ ಯಾರೂ ಕೊಳ್ಳುವುದಿಲ್ಲ. ಹೋಸಿನ ಬ್ಯಾಗು ಮೆಟ್ಟಿಲಲ್ಲೇ ಉಳಿಯುತ್ತದೆ, ಬೆಂಕಿಯ ಕೋಣೆಗೆ ಹೋಗುವುದಿಲ್ಲ. ಅದಕ್ಕೆ ಬೆಂಕಿ ಹತ್ತದಂತೆ ಸಂಸ್ಕರಿಸಿದ ದಪ್ಪ ಹತ್ತಿ ಕ್ಯಾನ್ವಾಸ್ ಸಾಕು. ಹತ್ತಿ ಕರಗುವುದಿಲ್ಲ, ಕರಕಲಾಗುತ್ತದೆ. ದಾರ, ಹೊರೆ ಪಟ್ಟಿ, ಬಿಚ್ಚುವ ಕುಣಿಕೆ ಮಾತ್ರ ಅರಾಮಿಡ್. ಬಕಲ್ ಉಕ್ಕಿನದು. ಕೊಡಲಿ ಸಿಕ್ಕಿಸಿಕೊಂಡು ಮನುಷ್ಯನ ಜೊತೆ ಒಳಗೆ ಹೋಗುವ ಸೊಂಟಪಟ್ಟಿಗೆ ಮಾತ್ರ ಪೂರ್ತಿ ಅರಾಮಿಡ್. ಹತ್ತಿಯ ತೊಂದರೆ ಮುಂಬೈಯ ಮಳೆಗಾಲ: ನೆನೆಯುತ್ತದೆ, ಭಾರವಾಗುತ್ತದೆ, ಬೂಸಲು ಹಿಡಿಯುತ್ತದೆ. ತಳದಲ್ಲಿ ನೀರು ಸೋರಲು ಹಿತ್ತಾಳೆಯ ಐಲೆಟ್, ಅಂದರೆ ಉಂಗುರ ಕೂರಿಸಿದ ತೂತು, ಹಾಕಬೇಕು, ಒಣಗಿಸಲು ಪೂರ್ತಿ ತೆರೆದುಕೊಳ್ಳಬೇಕು. ಕೆವ್ಲಾರ್‌ಗೂ ಒಂದು ದೌರ್ಬಲ್ಯ ಇದೆ, ಬಿಸಿಲಿನಲ್ಲಿಟ್ಟರೆ ಅದರ ಬಲ ಕುಂದುತ್ತದೆ.

ಬಿಚ್ಚುವ ಗಂಟು

ಬ್ಯಾಗುಗಳಲ್ಲಿ ಬಳಸುವ ಎರಡು ಕಡೆ ಅಮುಕುವ ಬಕಲನ್ನು ದಪ್ಪ ಗ್ಲೌಸ್ ಹಾಕಿಕೊಂಡು ಬಿಚ್ಚಿ ನೋಡಿ. ಭಾರ ಜೋತುಬಿದ್ದಿದ್ದರಂತೂ ಆಗುವುದೇ ಇಲ್ಲ. ಚೈನ್ ಹಾಕಿದರೆ ಮಸಿಗೆ ರನ್ನರ್ ಸಿಕ್ಕಿಕೊಳ್ಳುತ್ತದೆ. ವೆಲ್ಕ್ರೋ ನೈಲಾನಿನದು, ಒದ್ದೆಯಾಗಿ ಮಣ್ಣು ಹಿಡಿದರೆ ಹಿಡಿತ ಹೋಗುತ್ತದೆ.

ಹಟ್ಟಿಯಲ್ಲಿ ದನ ಕಟ್ಟುವ ಗಂಟು ನೆನಪಿದೆಯಾ? ದನ ಎಷ್ಟು ಎಳೆದರೂ ಬಿಚ್ಚುವುದಿಲ್ಲ, ನಾವು ಬಾಲದ ತುದಿ ಜಗ್ಗಿದರೆ ಒಂದೇ ಏಟಿಗೆ ಬಿಚ್ಚುತ್ತದೆ. ನಮಗೆ ಬೇಕಾದ್ದು ಅದೇ ಗುಣ. ನಾವು ಮಾಡಿದ್ದು ಹೀಗೆ: ಪಟ್ಟಿಯ ಕಣ್ಣುಗಳನ್ನು ಒಂದರೊಳಗೊಂದು ತೂರಿಸಿ, ಕೊನೆಗೆ ಒಂದು ಉಕ್ಕಿನ ಸರಳು ಸಿಕ್ಕಿಸುವುದು. ಸರಳಿಗೆ ಕೈ ತೂರುವಷ್ಟು ದೊಡ್ಡ ಕುಣಿಕೆ. ಎಳೆದರೆ ಮೂರೂ ಪಟ್ಟಿ ಒಟ್ಟಿಗೆ ಕಳಚಿ ಹೋಸ್ ಬಳೆಯಾಗಿ ತೆರೆದುಕೊಳ್ಳುತ್ತದೆ.

ಈ ಕುಣಿಕೆಯೇ ಅಪಾಯವೂ ಆಗಬಹುದು. ಆಫೀಸುಗಳಲ್ಲಿ ಬೆಂಕಿ ಬಿದ್ದಾಗ ಫಾಲ್ಸ್ ಸೀಲಿಂಗ್ ಕುಸಿದು, ಅದರ ಮೇಲಿನ ವೈರುಗಳು, ಎಸಿ ಡಕ್ಟಿನ ತಂತಿಗಳು ಬಲೆಯ ಹಾಗೆ ನೇತಾಡುತ್ತವೆ. ತೆವಳುವ ಮನುಷ್ಯನ ಮೈಮೇಲಿನ ಪ್ರತಿಯೊಂದು ಕೊಕ್ಕೆ, ಜೋತುಬಿದ್ದ ಪಟ್ಟಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಕುಣಿಕೆ ಮೈಗೆ ಅಂಟಿಕೊಂಡು ಚಪ್ಪಟೆಯಾಗಿ ಕೂರಬೇಕು, ಉಳಿದ ಪಟ್ಟಿ ಒಳಗೆ ಸೇರಿಕೊಳ್ಳಬೇಕು. ಸಾಮಾನು ಎಲ್ಲಾದರೂ ಸಿಕ್ಕಿದರೆ ಸಾಮಾನನ್ನು ಬಿಟ್ಟು ಮನುಷ್ಯ ಹೊರಬರುವಂತಿರಬೇಕು.

ಹಾರೆ, ಕೊಡಲಿ, ಬೆಣೆ

ಕೊಡಗಿನವರು ಒಡಿಕತ್ತಿಯನ್ನು ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಹಿಡಿಗೆ ಸಿಕ್ಕಿಸಿಕೊಳ್ಳುತ್ತಾರೆ. ತೆಂಗಿನ ಮರ ಹತ್ತುವವರು ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಹಾಕುತ್ತಾರೆ. ಕೈ ಎರಡೂ ಖಾಲಿ ಬೇಕಾದವರು ಆಯುಧವನ್ನು ಬೆನ್ನ ಕಡೆಗೇ ಕಳಿಸಿದ್ದಾರೆ. ಬಿಎ ಸೆಟ್ಟಿನಿಂದಾಗಿ ನಮಗೆ ಆ ಜಾಗ ಇಲ್ಲ. ಸಣ್ಣ ಕೊಡಲಿಯನ್ನು ಸೊಂಟದ ಎಲುಬಿನ ಸ್ವಲ್ಪ ಹಿಂದೆ, ಹಿಡಿ ಕೆಳಗಾಗಿ ಹಾಕಬಹುದು. ಬಾಯಿಗೆ ದಪ್ಪ ಚರ್ಮದ ಕವಚ ಬೇಕು, ಧಾರಾವಿಯಲ್ಲಿ ಚರ್ಮಕ್ಕೇನೂ ಕೊರತೆಯಿಲ್ಲ.

ಉದ್ದ ಹಾರೆಗೂ ಒಂದು ಒರೆ ಮಾಡಲು ಎರಡು ತಿಂಗಳು ಒದ್ದಾಡಿದೆ. ಹ್ಯಾಲಿಗನ್ ಎಂಬ ಆ ಹಾರೆಯನ್ನು 1940ರ ದಶಕದಲ್ಲಿ ನ್ಯೂಯಾರ್ಕಿನ ಅಗ್ನಿಶಾಮಕ ಅಧಿಕಾರಿ ಹ್ಯೂ ಹ್ಯಾಲಿಗನ್ ರೂಪಿಸಿದರು. ಒಂದು ತುದಿ ಸೀಳು, ಇನ್ನೊಂದು ತುದಿಯಲ್ಲಿ ಮೊನೆ ಮತ್ತು ಬಾಚಿಯಂಥ ಬಾಯಿ. ಸೊಂಟಕ್ಕೆ ಕಟ್ಟಿದರೆ ತೆವಳುವಾಗ ಮೊಣಕಾಲಿಗೆ ಬಡಿಯುತ್ತದೆ. ಕೊನೆಗೆ ಕಾಕಾ ಕೇಳಿದರು, ಅದನ್ನು ಯಾಕೆ ಕಟ್ಟುತ್ತೀ ಎಂದು. ಹೊಗೆಯಲ್ಲಿ ಹೋಗುವವರು ಅದನ್ನು ಮುಂದೆ ಚಾಚಿ ನೆಲ ಗಟ್ಟಿಯಿದೆಯೇ ಎಂದು ತಟ್ಟಿ ನೋಡುತ್ತಾರೆ, ಮೂಲೆಯಲ್ಲಿ ಯಾರಾದರೂ ಬಿದ್ದಿದ್ದಾರೆಯೇ ಎಂದು ತಡಕುತ್ತಾರೆ. ಅದು ಕೈಯಲ್ಲೇ ಇರಬೇಕು. ಆ ಒರೆಯನ್ನು ಅಲ್ಲಿಗೇ ಬಿಟ್ಟೆ.

ಬದಲಿಗೆ ಎರಡು ಮರದ ಬೆಣೆಗೆ ಕಿಸೆ ಮಾಡಿದೆ. ಮೆಟ್ಟಿಲ ಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತವೆ, ಹೊಗೆ ತಡೆಯಲು ಅವು ಹಾಗಿರಲೇಬೇಕು. ಹೋಸ್ ಎಳೆದುಕೊಂಡು ಒಳಗೆ ಹೋದವರ ಹಿಂದೆ ಬಾಗಿಲು ಅದರ ಮೇಲೆ ಒತ್ತಿ ಕೂತರೆ ಹೋಸ್ ಮುಂದೆ ಬರುವುದಿಲ್ಲ, ನೀರೂ ಕಡಿಮೆಯಾಗುತ್ತದೆ. ಐದು ರೂಪಾಯಿಯ ಮರದ ಚೂರು ಅದನ್ನು ತಡೆಯುತ್ತದೆ. ಬೆಣೆ ಎಲ್ಲಕ್ಕಿಂತ ಮೊದಲು ಬೇಕಾಗುವ ವಸ್ತು, ಅದಕ್ಕೇ ಎಲ್ಲಕ್ಕಿಂತ ಹೊರಗಿನ ಕಿಸೆ. ಸ್ಪ್ಯಾನರ್ ಅದರ ಪಕ್ಕ. ಒಂದೇ ಬ್ಯಾಗಿನಲ್ಲಿ ಎಲ್ಲ ತುಂಬುವ ಆಸೆಯನ್ನು ಮಾತ್ರ ಬಿಡಬೇಕು. ಒಬ್ಬರಿಗೆ ಒಂದು ಹೋಸ್, ಇನ್ನೊಬ್ಬರಿಗೆ ಇನ್ನೊಂದು ಹೋಸ್ ಮತ್ತು ಬ್ರಾಂಚ್, ಮೂರನೆಯವರಿಗೆ ಸಲಕರಣೆ.

ತೊಳೆಯುವುದನ್ನು ನಾನು ಮೊದಲು ಯೋಚಿಸಿರಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಮಸಿಯಲ್ಲಿರುವ ವಿಷ ಬಟ್ಟೆಯಲ್ಲಿ, ಪ್ಯಾಡಿನಲ್ಲಿ ಕೂತು ದಿನವೂ ಮೈಗೆ ತಾಗುತ್ತದೆ. ಸಾಮಾನ್ಯ ಸ್ಪಂಜು ಅದನ್ನು ಹೀರಿಕೊಂಡು ಬಿಡುವುದೇ ಇಲ್ಲ. ಹೆಗಲಿನ ಪ್ಯಾಡಿಗೆ ನೀರು ಹೀರದ ಇವಿಎ ಫೋಮ್ ಹಾಕಿ, ಅದನ್ನು ಹೊರತೆಗೆದು ತೊಳೆಯುವ ಹಾಗೆ ಮಾಡಿದೆ.

ಈಗ ನಾಲ್ಕನೇ ಸ್ಯಾಂಪಲ್ ನಡೆಯುತ್ತಿದೆ. ಭಾನುವಾರ ಬೆಳಿಗ್ಗೆ ಕಾಕಾ ಮತ್ತು ನಾನು ನಮ್ಮ ಮೆಟ್ಟಿಲಲ್ಲೇ ಹತ್ತಿ ನೋಡುತ್ತೇವೆ. ಲೈಟ್ ಆರಿಸಿ, ಗ್ಲೌಸ್ ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿ ಬಿಚ್ಚಿಸುತ್ತಾರೆ. ಹೋದ ವಾರ ಮೂರು ಸಲದಲ್ಲಿ ಎರಡು ಸಲ ಹೋಸ್ ಸರಿಯಾಗಿ ಬಳೆಯಾಗಿ ಬಿತ್ತು. ಮೂರನೇ ಸಲ ನನ್ನ ಕೈ ಕುಣಿಕೆಯ ಬದಲು ಬಿಎ ಸೆಟ್ಟಿನ ಮೀಟರ್ ಟ್ಯೂಬಿಗೆ ಹೋಯಿತು, ಎರಡೂ ಒಂದೇ ಕಡೆ ಇವೆ. ಕಾಕಾ ಸೀಮೆಸುಣ್ಣದಲ್ಲಿ ಎದೆಯ ಪಟ್ಟಿಯ ಮೇಲೆ ಒಂದು ಗೆರೆ ಎಳೆದರು, ನಾಲ್ಕು ಬೆರಳು ಕೆಳಗೆ. ಸೋಮವಾರ ಆ ಹೊಲಿಗೆ ಬಿಚ್ಚಿ ಅಲ್ಲಿಗೆ ಹಾಕಬೇಕು.